ಐದು ಮಂದಿ ಅಣ್ಣಂದಿರ ತಮ್ಮ

ಮೊನ್ನೆ ರವಿವಾರ ನನ್ನ ಕಿರಿಯ ಮಗ, ಹದಿನಾರರ ಹುಡುಗ, ಪಡಸಾಲೆಯಲ್ಲಿ ನಿಂತು ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ನೀರು ಚಿಮುಕಿಸಿದ ಬಟ್ಟೆಗೆ ಬಿಸಿ ತಾಗಿದಾಗ ಏಳುವ ಆ ವಾಸನೆ ಅಡುಗೆಮನೆಗೂ ಬಂತು. ನನ್ನ ತವರೂರು ಬಬಲೇಶ್ವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಣ್ಣ ಕಾಕಾ ನೆನಪಾದ…

ಐದು ಮಂದಿ ಅಣ್ಣಂದಿರ ಬೆನ್ನಿಗೆ ಹುಟ್ಟಿದವನು. ಹೊಲದ ಕೆಲಸದಲ್ಲಿ ಅವರಿಗಿಂತ ಒಂದು ಕೈ ಮೇಲೆಯೇ. ಆದರೆ ಸಂಜೆ ಮೈ ತೊಳೆದು, ಕೆಂಡದ ಇಸ್ತ್ರಿ ತಿಕ್ಕಿದ ಬಿಳಿ ಅಂಗಿ ತೊಟ್ಟನೆಂದರೆ ಥೇಟ್ ಮದುಮಗ. ನನ್ನ ಶಾಲೆಯ ಅಂಗಿಗೂ ಅವನೇ ಇಸ್ತ್ರಿ ಮಾಡಿಕೊಡುತ್ತಿದ್ದ. "ಮುದುಡಿದ ಅಂಗಿ ಹಾಕ್ಕೊಂಡು ಹೋದ್ರ ಮಾಸ್ತರ ಮೊದಲ ನಿನ್ನನ್ನ ಎಬ್ಬಸ್ತಾನ ನೋಡು" ಎಂದು ಹೆದರಿಸುತ್ತಿದ್ದ.

ಅವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೆಣ್ಣಿಗಾಗಿ ಹಂಬಲಿಸಿ, ಆರನೆಯದೂ ಗಂಡಾದಾಗ, ಆಕೆ ಆ ಕೂಸಿಗೇ ಲಂಗ ತೊಡಿಸಿ, ಹೆರಳು ಹಾಕಿ, ಹೂ ಮುಡಿಸಿ ಆಸೆ ತೀರಿಸಿಕೊಂಡಿದ್ದಳಂತೆ. ನಮ್ಮ ಕಡೆ ಇದೇನು ಹೊಸದಲ್ಲ. ಫೋಟೋ ತೆಗೆಸಿ ಗೋಡೆಗೂ ಹಾಕುತ್ತಾರೆ.

ಕಾಕಾನಿಗೆ ತಿಕೋಟಾದ ಹೆಣ್ಣು ಗೊತ್ತುಮಾಡಿದರು. ಮಾತು ಮುಗಿಸಲು ಹೊರಡಬೇಕಾದ ಬೆಳಿಗ್ಗೆ ಕಾಕಾ ಅಣ್ಣಂದಿರ ಮುಂದೆ ನಿಂತ. ಎರಡು ಮನೆಗೂ ಒಂದೇ ಗೋಡೆ, ನಮಗೆಲ್ಲ ಕೇಳುತ್ತಿತ್ತು.

"ನನಗ ಹೆಣ್ಣಿನ ಮ್ಯಾಲೆ ಮನಸ ಹೋಗೂದಿಲ್ಲೋ ಯಣ್ಣಾ. ಸುಳ್ಳ ಹೇಳಿ ಆ ಹುಡುಗಿ ಬಾಳೇ ಯಾಕ ಹಾಳ ಮಾಡ್ಲಿ?"

ಬಾಗಿಲು ಹಾಕಿದ ಸದ್ದು. ಆಮೇಲೆ ಹೊಡೆತಗಳು, ಅವನ ಕೂಗು… ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಪ್ಪ ಎದ್ದವನು ಮತ್ತೆ ಕೂತ. "ಅವರ ಮನಿ ಮಾತು, ನಮಗ್ಯಾಕ ಬೇಕು?" ಥೂ! ಅಂಥ ನೆರೆಹೊರೆ ನಾವು.

ಮರುದಿನ ಕಾಕಾ ಊರಲ್ಲಿರಲಿಲ್ಲ. ಸೊಲ್ಲಾಪುರದಲ್ಲಿ ಕಂಡ ಎಂದರು, ಪುಣೆಯಲ್ಲಿ ಎಂದರು… ಯಾರೂ ಕರೆತರಲಿಲ್ಲ. ಆಯಿ ಸಾಯುವ ತನಕ ನಮ್ಮ ಕಟ್ಟೆಯ ಮೇಲೆ ಕೂತು ಒಂದೇ ಹಾಡು: "ನಾನ ಕೆಡಸಿದ್ನೆವಾ… ಲಂಗಾ ತೊಡಿಸಿ ನಾನ ಕೆಡಸಿದ್ನಿ."

ನಾನದನ್ನು ನಂಬಿದ್ದೆ. ಮದುವೆಯಾಗಿ ವಿಜಯಪುರಕ್ಕೆ ಬಂದು ನಾಲ್ಕು ಗಂಡು ಹೆತ್ತೆ. ಹೆಣ್ಣಿನ ಹಂಬಲ ನನಗೇನು ಕಡಿಮೆ ಇತ್ತೇ? ಆದರೂ ನಾಲ್ಕನೆಯವನಿಗೆ ಅತ್ತೆ ಲಂಗ ಹೊಲಿಸಿ ತಂದಾಗ ಅದನ್ನು ಮುಟ್ಟಿಸಗೊಡಲಿಲ್ಲ; ಒಂದು ರಿಬ್ಬನ್ ಕೂಡ ಕಟ್ಟಗೊಡಲಿಲ್ಲ. ಇಷ್ಟು ಕಾದರೆ ನನ್ನ ಮಗನಿಗೆ ಕಾಕಾನ ಗತಿ ಬರುವುದಿಲ್ಲ ಎಂದುಕೊಂಡಿದ್ದೆ.

ಅದೇ ರವಿವಾರ, ಕಿರಿಯವನು ಇಸ್ತ್ರಿ ಮಾಡುತ್ತಿರುವಾಗಲೇ, ಹಿರಿಯ ಮಗ ಮೊಬೈಲ್ ನೋಡುತ್ತ ಕೂಗಿದ: "ಇಲ್ಲಿ ಕೇಳ ಬೇ ಯವ್ವಾ, ಸಂಶೋಧನಾ ಮಾಡ್ಯಾರಂತ. ಅಣ್ಣಗೋಳು ಹೆಚ್ಚಿದ್ದಂಗ ಸಣ್ಣಾಂವಗ ಗಂಡಸರ ಮ್ಯಾಲೆ ಮನಸಾಗೂ ಸಂಭವ ಚೂರು ಹೆಚ್ಚಂತ. ಅದು ತಾಯಿ ಹೊಟ್ಟ್ಯಾಗಿದ್ದಾಗನ ಆಗೂದಿರಬೇಕಂತ."

ಬಹಳಷ್ಟು ತಮ್ಮಂದಿರು ಹಾಗಿರುವುದಿಲ್ಲ ಎಂದೂ ಓದಿದ. ನನಗದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಆಯಿ, ನಿನ್ನ ಲಂಗದ ತಪ್ಪಲ್ಲವಂತೆ! ಎಂದು ಕೂಗಿ ಹೇಳಬೇಕೆನಿಸಿತು. ಯಾರಿಗೆ ಹೇಳಲಿ? ಅವಳು ಮಣ್ಣಾದಳು. ಕಾಕಾ ಇದ್ದಾನೋ ಇಲ್ಲವೋ ಅದೂ ತಿಳಿಯದು… ಮರುಗಳಿಗೆಗೆ ಮೂವರು ಅಣ್ಣಂದಿರ ತಮ್ಮನಾದ ನನ್ನ ಕಿರಿಯವನತ್ತ ಕಣ್ಣು ಹೋಯಿತು. ಹಾಗಾದರೆ ಇಷ್ಟು ವರ್ಷ ನಾನು ಕಾದದ್ದಾದರೂ ಏನನ್ನು?

"ಹಂಗಾರ ನಮ್ಮ ಸಣ್ಣಾಂವನ ಗತಿ ಏನೋ ಲೇ!" ಎಂದು ಹಿರಿಯವನು ತಮ್ಮನ ಬೆನ್ನಿಗೊಂದು ಗುದ್ದಿ ನಕ್ಕ. ನಡುವಿನವರಿಬ್ಬರೂ ಬಿದ್ದು ಬಿದ್ದು ನಕ್ಕರು. ಕಿರಿಯವನು ನಗಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಕೈ ತಗೀ ಅವನ ಮ್ಯಾಗಿಂದ!" ಎಂದು ಚೀರಿದೆ.

"ಚ್ಯಾಷ್ಟಿ ಮಾಡಿದ್ನಿ ಬೇ ಯವ್ವಾ. ಯಾಕಷ್ಟ ಚೀರಾಕತ್ತಿ?" ಎಂದ ಹಿರಿಯವನು. ಕಾಕಾನಿಗೆ ಬಿದ್ದ ಹೊಡೆತಗಳ ಕತೆ ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

ಕಿರಿಯವನ ಮನಸ್ಸು ಯಾರ ಕಡೆಗೋ ನನಗೆ ಗೊತ್ತಿಲ್ಲ. ಯಾರ ಕಡೆಗಿದ್ದರೂ ಅವನು ನನ್ನ ಕೂಸೇ. ನನಗೆ ಹೆದರಿಕೆ ಅವನದ್ದಲ್ಲ. ನಕ್ಕ ಆ ಮೂವರನ್ನು ಹೆತ್ತವಳೂ ನಾನೇ.