ತಿಂಡಿಯ ಹೆಸರು ಹೇಳಿದರಷ್ಟೇ ಕರೆಂಟ್

ಬೆಳಗಿನ ಆರೂ ಮುಕ್ಕಾಲು. ಹರಿಹರ ತಾಲ್ಲೂಕಿನ ಕೊಕ್ಕನೂರು ಕಡೆಯ ವಿದ್ಯುತ್ ಉಪಕೇಂದ್ರದಲ್ಲಿ ಫೋನಿಗೆ ಬಿಡುವಿಲ್ಲ. ಆಪರೇಟರ್ ಸುಷ್ಮಾ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದರಲ್ಲಿ ಕರೆಂಟ್ ಹೋದ ಹೊತ್ತು, ಕಾರಣ ಬರೆಯುತ್ತಿದ್ದಾರೆ: 6.05, ತಂತಿ ತುಂಡು. ಲೈನ್‌ಮನ್ ಹಾಲಸ್ವಾಮಿ ಆ ಲೈನ್ ಬಂದ್ ಮಾಡಿಸಿ ಕಂಬ ಹತ್ತಿದ್ದಾರೆ. ಅವರು ಇಳಿಯುವ ತನಕ ಕರೆಂಟ್ ಬಿಡುವಂತಿಲ್ಲ.

"ಮದುವೆ ಮನಿ ಐತ್ರಿ, ತೊಟ್ಟು ನೀರಿಲ್ಲ!" ಎಂದು ಒಬ್ಬರು ಗೋಗರೆಯುತ್ತಾರೆ. "ನಿದ್ದೆ ಹೊಡಿತಿದೀರೇನ್ರಿ?" ಎಂದು ಇನ್ನೊಬ್ಬರು ಹರಿಹಾಯುತ್ತಾರೆ. ಕರೆಂಟ್ ಇದ್ದಾಗ ಈ ಹೆಣ್ಣುಮಗಳನ್ನು ನೆನೆಯುವವರುಂಟೆ? ಹೋದಾಗ ಮಾತ್ರ ಊರಿಗೆ ಊರೇ ನೆನೆಯುತ್ತದೆ, ಬಾಯಿಗೆ ಬಂದಂತೆ! ದಿನಕ್ಕೆ ನೂರಕ್ಕೂ ಹೆಚ್ಚು ಕರೆ. ಗಾಳಿಮಳೆ ಎದ್ದರೆ ಒಂದೇ ಪಾಳಿಯಲ್ಲಿ ಹದಿನೈದು ಸಲ ಕರೆಂಟ್ ಹೋದದ್ದೂ ಇದೆ.

6.52. ಹಾಲಸ್ವಾಮಿಯವರ ನಂಬರಿನಿಂದಲೇ ಕರೆ. ಗಾಳಿಯ ಸದ್ದಿನಲ್ಲಿ ಧ್ವನಿಯೂ ಅವರದೇ ಅನ್ನಿಸುತ್ತದೆ.

"ಕೆಲಸ ಆತ್ರಿ, ಲೈನ್ ಕೊಡ್ರಿ."

ಸುಷ್ಮಾ ಸ್ವಿಚ್ಚಿಗೆ ಕೈಯಿಡುತ್ತಾರೆ. "ಇವತ್ತು ತಿಂಡಿ ಏನಣ್ಣ?"

"ತಿಂಡಿನಾ? ಅದ್ಯಾಕ್ರಿ ಈಗ? ಬೇಗ ಕೊಡ್ರಿ!"

ಸುಷ್ಮಾ ಅವರ ಕೈ ತಾನಾಗಿ ಹಿಂದೆ ಸರಿಯುತ್ತದೆ. ಕಂಬ ಹತ್ತುವ ಮುಂಚೆ ಲೈನ್‌ಮನ್ ಸುಷ್ಮಾ ಕಿವಿಗೊಂದು ತಿಂಡಿಯ ಹೆಸರು ಹಾಕಬೇಕು, ಇಳಿದ ಮೇಲೆ ಅದನ್ನೇ ಹೇಳಬೇಕು. ಯಾವ ನಿಯಮದ ಪುಸ್ತಕದಲ್ಲೂ ಇದಿಲ್ಲ, ಇವರದೇ ಕಾನೂನು.

"ಯಾರ್ರಿ ನೀವು? ಹಾಲಸ್ವಾಮಣ್ಣ ಎಲ್ಲಿ?"

"ಮ್ಯಾಲೆ ಅದಾರ್ರಿ. ಇನ್ನೇನು ಮುಗೀತು ಅಂದ್ರು, ಅದಕ್ಕೆ..."

ಕಂಬದ ಬುಡದ ಬೈಕಿನಲ್ಲಿದ್ದ ಫೋನು ಮದುವೆ ಮನೆಯವರ ಆತುರದ ಕೈಗೆ ಸಿಕ್ಕಿದೆ.

"ಪುಣ್ಯಾತ್ಮ, ಅವರ ಜೀವ ಹೋಗ್ತಿತ್ತಲ್ಲೋ!" ಸುಷ್ಮಾ ಚೀರುತ್ತಾರೆ.

ಇಪ್ಪತ್ತು ವರ್ಷದ ಹಿಂದೆ ಆಗಿನ ಆಪರೇಟರ್ ಹೀಗೇ ಯಾರದೋ ಮಾತು ನಂಬಿ ಕರೆಂಟ್ ಬಿಟ್ಟಿದ್ದರು. ಕಂಬದ ಮೇಲಿದ್ದದ್ದು ಸುಷ್ಮಾ ಅವರ ತಂದೆ, ಲೈನ್‌ಮನ್ ಹುಲಿಯಪ್ಪ. ಜೀವ ಉಳಿಯಿತು, ಬಲಗೈ ಹೋಯಿತು. "ಫೋನಿನಾಗೆ ಎಲ್ಲರ ಧ್ವನಿನೂ ಒಂದೇ ತರ ಕೇಳ್ತೈತ್ರಿ. ಅದಕ್ಕೇ ತಿಂಡಿ ಕೇಳ್ತೀನಿ. ಹುಚ್ಚಿ ಅಂತಾರೆ, ಅನ್ಲಿ ಬಿಡ್ರಿ" ಎನ್ನುತ್ತಾರೆ ಸುಷ್ಮಾ.

7.20ಕ್ಕೆ ಮತ್ತೆ ಅದೇ ನಂಬರು.

"ಅವಲಕ್ಕಿ, ಸುಷ್ಮಕ್ಕ. ಇಳಿದೆ." ಈ ಸಲ ಹಾಲಸ್ವಾಮಿಯವರೇ.

ಸುಷ್ಮಾ ಸ್ವಿಚ್ ತಿರುಗಿಸುತ್ತಾರೆ. ರಿಜಿಸ್ಟರಿನಲ್ಲಿ ಬರೆಯುತ್ತಾರೆ: ಕರೆಂಟ್ ಇಲ್ಲದ ಅವಧಿ, ಒಂದು ಗಂಟೆ ಹದಿನೈದು ನಿಮಿಷ. ಆಮೇಲೆ ಒಂದು ಲೋಟ ನೀರು ಕುಡಿದು, ಬೈಯಲು ಬಂದ ಮುಂದಿನ ಕರೆ ಎತ್ತುತ್ತಾರೆ.

ಎರಡಕ್ಕೆ ಪಾಳಿ ಮುಗಿಸಿ ದಾವಣಗೆರೆಯ ನಿಟ್ಟುವಳ್ಳಿಯ ಮನೆಗೆ ಬಂದರೆ ಹುಲಿಯಪ್ಪ ಎಡಗೈಯಲ್ಲಿ ಬಾಗಿಲು ತೆಗೆಯುತ್ತಾರೆ. ಕರೆಂಟ್ ಎಷ್ಟು ಸಲ ಹೋಯಿತೆಂದು ಅವರು ಕೇಳುವುದಿಲ್ಲ. ಮಗಳು ಈ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಿಂದ ಅವರದು ಒಂದೇ ಪ್ರಶ್ನೆ.

"ಎಲ್ಲಾರೂ ಇಳಿದ್ರೇನವ್ವ?"

"ಇಳಿದ್ರಪ್ಪ."