ಡೀಸೆಲ್‌ನಲ್ಲಿ ತೊಳೆದ ರಬ್ಬರು

ನಾನು ಮಕ್ತಲ್‌ನಲ್ಲಿ ಬೋರಿನ ಮೋಟಾರ್ ಕಟ್ಟುವವನು. ಸುಟ್ಟ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮೇಲೆ, ತಿರುಗುವ ಯಾವ ವಸ್ತುವಾದರೂ ನನ್ನ ಮಾತು ಕೇಳುತ್ತದೆ ಎಂಬ ಸೊಕ್ಕು ಬಂದಿತ್ತು. ಆ ಸೊಕ್ಕಿನಲ್ಲೇ ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆ. ನಾಲ್ಕೂ ಗಾಲಿಗೆ ಎಳೆತವಿರುವ ಜೀಪು. ಜೂರಾಲದ ಕಾಲುವೆ ದಂಡೆಯ ಕೆಸರಿನಲ್ಲಿ ಓಡಾಡಿ ಮುದಿಯಾದದ್ದು. ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು, "ಇದಕ್ಕ ಮದ್ದು ಬ್ಯಾಡ್ರಿ, ಮಣ್ಣು ಕೊಡ್ರಿ," ಎಂದಳು.

ಜೀಪು ಬಂದದ್ದಕ್ಕೆ ನಿಜವಾಗಿ ಖುಷಿಪಟ್ಟವನು ನನ್ನ ಸೋದರಮಾವ. ನಮ್ಮ ಓಣಿಯಲ್ಲೇ ಎರಡು ಮನೆ ಆಚೆಗೆ ಅವನ ಮನೆ. ಮೊಣಕಾಲು ಕೈಕೊಡುವ ತನಕ ಕುರಿ ಕಾಯ್ದವನು, ನಮ್ಮ ಮನೆದೇವರು ಬೀರಪ್ಪನ ಮುಂದೆ ಡೊಳ್ಳು ಬಾರಿಸುವವರಲ್ಲಿ ಹಿರಿಯ. ದಿನಕ್ಕೆ ಎಂಟು ಸಲ ಚಹಾ ಬೇಕು. ಸಂಜೆಯಾದರೆ ಬಂದು, ಮಗುಚಿ ಹಾಕಿದ ಗಾಲಿಯ ಮೇಲೆ ಕೂತು, ತನಗೆ ಏನೇನೂ ಗೊತ್ತಿಲ್ಲದ ವಿಷಯದಲ್ಲಿ ನನಗೆ ಬುದ್ಧಿ ಹೇಳುತ್ತಿದ್ದ.

"ಕುರಿ ಆಗಿದ್ರ ಹಲ್ಲು ನೋಡಿ ವಯಸ್ಸು ಹೇಳ್ತಿದ್ದೆ. ಇದರ ಹಲ್ಲು ಎಲ್ಲೈತಿ?" ಎಂದು ಒಂದು ದಿನ ಕೇಳಿದ. ಬಿಚ್ಚಿಟ್ಟಿದ್ದ ಗೇರಿನ ಹಲ್ಲು ತೋರಿಸಿದೆ. ಬೆರಳಾಡಿಸಿ ನೋಡಿ, "ಉದ್ರಿ ಹೋಗ್ಯಾವಲ್ಲೋ ಅಳಿಯಾ. ಇದು ಕಟುಕರಿಗೆ ಕೊಡೂ ಕುರಿ," ಎಂದು ನಕ್ಕ.

ಆರು ತಿಂಗಳು ಹಿಡಿಯಿತು. ತುಕ್ಕು ಕೆರೆದೆ, ಇಂಜಿನ್ ಬಿಚ್ಚಿ ಕೂಡಿಸಿದೆ, ತೂತು ಬಿದ್ದ ತಳಕ್ಕೆ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ಬೆಸೆದೆ. ಕೊನೆಗೆ ಉಳಿದದ್ದು ಬ್ರೇಕು. ಪೆಡಲ್ ಒತ್ತಿದರೆ ಎಣ್ಣೆ ಪೈಪಿನಲ್ಲಿ ಓಡಿ, ಪ್ರತಿ ಗಾಲಿಯಲ್ಲೂ ಬಟ್ಟಲಿನ ಆಕಾರದ ಸಣ್ಣ ರಬ್ಬರುಗಳನ್ನು ತಳ್ಳಬೇಕು. ಗಾಡಿ ನಿಲ್ಲುವುದು ಆ ರಬ್ಬರಿನ ಮೇಲೆ. ಅವು ಹಳತಾಗಿದ್ದವು. ಗದ್ವಾಲದಲ್ಲಿ ಇಂಥ ಜೀಪುಗಳನ್ನೇ ಬಿಚ್ಚುತ್ತ ಮುದುಕನಾದ ಒಬ್ಬ ಮಿಸ್ತ್ರಿಗೆ ಒಯ್ದು ತೋರಿಸಿದೆ. ಹೊಸವು ರಾಯಚೂರಿನಿಂದ ಬರಬೇಕು, ಒಂದು ವಾರ ತಡೆ ಎಂದ. ನನ್ನ ಕಸುಬು ಗೊತ್ತಿದ್ದವನಾದ್ದರಿಂದ ಬೆರಳೆತ್ತಿ ಇನ್ನೊಂದು ಮಾತೂ ಹೇಳಿದ: "ರಬ್ಬರ್ ಕೂ ಡೀಸೆಲ್ ನಕ್ಕೋ." ರಬ್ಬರಿಗೆ ಡೀಸೆಲ್ ತಾಗಿಸಬೇಡ, ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ, ಉಬ್ಬಿದರೆ ಎಣ್ಣೆ ಹಿಡಿಯುವುದಿಲ್ಲ ಎಂದು ಬಿಡಿಸಿ ಹೇಳಿದ. ನಾನು ತಲೆಯಾಡಿಸಿ ಬಂದೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೊಸ ಗಾಡಿಯಾಗಲಿ, ಹೊಸದಾಗಿ ಎದ್ದು ನಿಂತ ಹಳೆಯ ಗಾಡಿಯಾಗಲಿ, ಮೊದಲ ಓಟ ಬೀರಪ್ಪನಿಗೆ. ಅದಕ್ಕೆ ಮುಂಚೆ ಬೇರೆ ಯಾವ ದಾರಿಗೂ ಗಾಲಿ ಇಡಬಾರದು. ಮನೆಯ ಹಿರಿಯ, ನಮಗೆ ಈಗ ಮಾವನೇ, ಉಪವಾಸವಿದ್ದು, ದೇವರ ಅರಿಸಿನದ ಪುಡಿ, ಅಂದರೆ ಭಂಡಾರ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂರಬೇಕು. ಮಾವ ಆ ಹೊತ್ತಿಗಾಗಲೇ ಬರುವ ಐತವಾರ ಬರುತ್ತೇವೆಂದು ಗುಡಿಯ ಪೂಜಾರಿಗೆ ಹೇಳಿ ಕಳಿಸಿಬಿಟ್ಟಿದ್ದ.

ಇನ್ನೊಂದು ವಾರ ತಡೆಯಿರಿ ಎಂದು ಮಾವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಡೀ ಓಣಿ ದಿನಾ ಕೇಳುತ್ತಿತ್ತು, ನನಗೂ ಆತುರ. ನನ್ನ ಅಂಗಡಿಯಲ್ಲಿ ಎಲ್ಲದಕ್ಕೂ ಡೀಸೆಲೇ ಗಂಗಾಸ್ನಾನ. ಬೇರಿಂಗಾಗಲಿ ಬೋಲ್ಟಾಗಲಿ, ಮುಳುಗಿಸಿ ತಿಕ್ಕಿದರೆ ಮುಗಿಯಿತು. ಮಿಸ್ತ್ರಿಗಳು ಹೀಗೆಯೇ ಹೆದರಿಸುತ್ತಾರೆ ಎಂದುಕೊಂಡು, ಆ ಹಳೆಯ ರಬ್ಬರುಗಳನ್ನೇ ಡೀಸೆಲಿನಲ್ಲಿ ತೊಳೆದೆ. ಕರ್ರಗೆ ಮಿಂಚಿದವು. ಕೂಡಿಸಿ, ಎಣ್ಣೆ ತುಂಬಿ, ಗಾಳಿ ತೆಗೆದು ಒತ್ತಿದರೆ ಪೆಡಲ್ ಕಲ್ಲಿನಂತೆ ನಿಂತಿತು. ರಸ್ತೆಯಲ್ಲಿ ಒಂದು ಸುತ್ತು ಹೊಡೆದು ನೋಡಬೇಕಿತ್ತು. ಆದರೆ ಮೊದಲ ಓಟ ದೇವರದಲ್ಲವೇ? ನನ್ನ ಮೈಗಳ್ಳತನಕ್ಕೆ ದೇವರ ನೆಪ ಸಿಕ್ಕಿತು. ಕೈಬ್ರೇಕಿನ ತಂತಿಯನ್ನೂ ಆಮೇಲೆ ಹಾಕಿದರಾಯಿತೆಂದು ಬಿಟ್ಟೆ.

ಐತವಾರ ಬೆಳಗ್ಗೆ ಮಾವ ಬಿಳಿ ಧೋತರ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಮುಖ ಬಾಡಿತ್ತು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲೇ ನುಂಗಿದ್ದ. ಕೈ ನಡುಗುವುದನ್ನು ಕಂಡು ನಾನೇ ಚಹಾ ತಂದುಕೊಟ್ಟೆ. "ಬ್ಯಾಡೋ, ಉಪಾಸ ಐತಿ," ಎಂದ. "ಒಂದು ಗುಟುಕು ಕುಡೀರಿ ಮಾವ. ಬೀರಪ್ಪ ಏನೂ ಅನ್ನಂಗಿಲ್ಲ," ಎಂದು ಒತ್ತಾಯ ಮಾಡಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿ, ಕದ್ದವರ ಹಾಗೆ ಕುಡಿದ.

ಗುಡಿ ಇರುವುದು ಉಟ್ಕೂರ್ ಕಡೆಯ ಒಂದು ಹಳ್ಳದ ಆಚೆ ದಂಡೆಯಲ್ಲಿ. ಊರು ದಾಟುವವರೆಗೆ ನಾಲ್ಕೈದು ಸಲ ಬ್ರೇಕ್ ಒತ್ತಿದೆ, ಹಿಡಿಯಿತು. ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಒತ್ತಿದಾಗ ಪೆಡಲ್ ಸುಮ್ಮನೆ ಕೆಳಗಿಳಿಯಿತು. ಮತ್ತೆ ಒತ್ತಿದೆ, ಕಾಲು ತಗಡಿಗೆ ತಾಗಿತು. ಗೇರು ಇಳಿಸಲು ಹೋದೆ, ಸಿಗಲಿಲ್ಲ. ಹಳ್ಳಕ್ಕೆ ಬೀಳುವುದಕ್ಕಿಂತ ಹೊಲವೇ ವಾಸಿ ಎಂದು ಎಡಕ್ಕೆ ಎಳೆದೆ. ಹೊಲದ ಒಡ್ಡಿಗೆ ಗುದ್ದಿ ಜೀಪು ನಿಂತಿತು. ಬಾಗಿಲಿಲ್ಲದ ಜೀಪು, ಮಾವ ಹೊರಗೆ ಬಿದ್ದಿದ್ದ. ಭಂಡಾರದ ಚೀಲ ಒಡೆದು ಅವನ ಮುಖ, ಮೀಸೆ, ಧೋತರ ಎಲ್ಲ ಹಳದಿಯಾಗಿತ್ತು. ಬಲ ಮಣಿಕಟ್ಟು ತಿರುಚಿಕೊಂಡು ಮೈಯಡಿಗೆ ಸಿಕ್ಕಿತ್ತು.

ಪಕ್ಕದ ಹೊಲದವರು "ಏಮೈಂದಿ? ಏಮೈಂದಿ?" ಎಂದು, ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತ ಓಡಿಬಂದರು. ಬ್ರೇಕ್ ಹೋಯಿತು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಎಡಗೈಯಿಂದಲೇ ಗುಡಿಯ ಕಡೆ ಮುಗಿದು, "ತಪ್ಪಾತು ನನ್ನಪ್ಪ ಬೀರಪ್ಪ, ಚಾ ಕುಡದು ನಿನ್ನ ಹಂತೇಕ ಬಂದೆ," ಎಂದು ಅತ್ತ. ನಾನು ತೆರೆದ ಬಾಯಿ ಮುಚ್ಚಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಕೆಲಸ ಯಾವುದೆಂದು ಕೇಳಿದರೆ ರಬ್ಬರು ತೊಳೆದದ್ದಲ್ಲ, ಇದು.

ನಾರಾಯಣಪೇಟೆಯ ದವಾಖಾನೆಯಲ್ಲಿ ಮುರಿದ ಕೈಗೆ ಪಟ್ಟಿ ಹಾಕಿಸಿದೆವು. ಮರುದಿನ ಗಾಲಿ ಬಿಚ್ಚಿ ನೋಡಿದೆ. ರಬ್ಬರುಗಳು ಮಿಸ್ತ್ರಿ ಹೇಳಿದಂತೆಯೇ ಉಬ್ಬಿ, ಅಂಚು ಮೆತ್ತಗಾಗಿ, ಎಣ್ಣೆಯನ್ನೆಲ್ಲ ಬಿಟ್ಟುಕೊಟ್ಟಿದ್ದವು. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ಕೈ ಕೂಡಿದ ಮೇಲೆ ಹೇಳೋಣ ಎಂದುಕೊಂಡೆ. ಕೈ ಕೂಡಿತು, ಬೆರಳು ಮಡಚಲಿಲ್ಲ. ಡೊಳ್ಳಿನ ಕೋಲು ಹಿಡಿಯಲು ಬರದಂತಾಯಿತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮನೆಗೆ ಬಂದವರು ಜೀಪಿನ ಸುದ್ದಿ ತೆಗೆದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಡೊಳ್ಳು ಹೋದದ್ದಕ್ಕೆ ಮಾವ ಅಷ್ಟು ಮರುಗಲಿಲ್ಲ. ಚಹಾ ಬಿಟ್ಟುಬಿಟ್ಟ, ಅದೂ ಹೋಗಲಿ. ಗುಡಿಯ ಹೊಸ್ತಿಲು ದಾಟುವುದನ್ನು ಬಿಟ್ಟ. "ದೇವರು ನನ್ನ ಬ್ಯಾಡ ಅಂದಾನ," ಎನ್ನುತ್ತಿದ್ದ. ಒಳಗೆ ಬಾ ಎಂದು ಪೂಜಾರಿ ಕರೆದರೂ ಹೋಗಲಿಲ್ಲ. ಆದರೆ ಐತವಾರ ಗುಡಿಗೆ ಹೋಗುವುದು ಮಾತ್ರ ತಪ್ಪಿಸಲಿಲ್ಲ, ಅದೂ ಇದೇ ಜೀಪಿನಲ್ಲಿ. ರಾಯಚೂರಿನಿಂದ ಹೊಸ ರಬ್ಬರು ತರಿಸಿ ಹಾಕಿದ್ದೆ, ಕೈಬ್ರೇಕ್ ಕಟ್ಟಿದ್ದೆ, ಹೊರಡುವ ಮುಂಚೆ ಪ್ರತಿ ಸಲ ನೆಲಕ್ಕೆ ಮಲಗಿ ನಾಲ್ಕೂ ಗಾಲಿ ಮುಟ್ಟಿ ನೋಡುತ್ತಿದ್ದೆ. ಜೀಪು ಇಷ್ಟು ಚೆನ್ನಾಗಿ ಇಟ್ಟವರು ಈ ಕಡೆ ಇಲ್ಲ ಎಂದು ಜನ ಹೊಗಳುತ್ತಿದ್ದರು. ಮಾವ ಅಂಗಳದಲ್ಲಿ ನಿಂತು ತೆಂಗಿನಕಾಯಿಯನ್ನು ನನ್ನ ಕೈಗೆ ಕೊಡುತ್ತಿದ್ದ. ಅವನ ಹೆಸರಿನಲ್ಲಿ ಒಳಗೆ ಹೋಗಿ ಒಡೆಸುತ್ತಿದ್ದವನು ನಾನು. ಹೀಗೆ ಎರಡು ವರ್ಷ ನಡೆಯಿತು.

ಹೋದ ತಿಂಗಳ ಒಂದು ಐತವಾರ ಕಾಯಿ ಒಡೆಸಿಕೊಂಡು ಹೊರಗೆ ಬಂದಾಗ ಮಾವ ನನ್ನ ತೋಳು ಹಿಡಿದು, "ಅಳಿಯಾ, ನಾ ಸತ್ತ ಮ್ಯಾಲ ನನ್ನ ಹಣಿಗೆ ಭಂಡಾರ ಹಚ್ಚಬ್ಯಾಡ್ರಿ. ಹಂಗ ಒಯ್ದು ಮಣ್ಣು ಮಾಡ್ರಿ," ಎಂದ. ಜೀಪಿನ ಸೀಟಿನಡಿಯಿಂದ ಆ ಡಬ್ಬಿ ತಂದು ಅವನ ಅಂಗೈಯಲ್ಲಿ ರಬ್ಬರುಗಳನ್ನು ಸುರಿದೆ.

"ಇವು ಬ್ರೇಕಿನ ರಬ್ಬರ್ ರೀ ಮಾವ. ಡೀಸೆಲ್‌ನ್ಯಾಗ ತೊಳೀಬ್ಯಾಡ ಅಂತ ಗದ್ವಾಲದ ಮಿಸ್ತ್ರಿ ಹೇಳಿದ್ದ. ನಾ ಕೇಳಲಿಲ್ಲ. ಅದಕ್ಕ ಗಾಡಿ ನಿಲ್ಲಲಿಲ್ಲ. ನಿಮ್ಮ ಚಾಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮ ಕೈ ಮುರದಾವ ನಾನು."

ಮಡಚದ ಬೆರಳುಗಳಿಂದ ಅವನು ರಬ್ಬರುಗಳನ್ನು ಹೊರಳಿಸಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದ.

"ಎರಡು ವರ್ಷ ಇಲ್ಲದ್ದು ಇವತ್ತ ಯಾಕ ಹೇಳಾಕತ್ತಿ? ನಾ ಸಾಯೂ ಮಾತು ಆಡಿದ್ದಕ್ಕ ನಿನ್ನ ಕರಳು ಚುರ್ ಅಂತು. ನನ್ನ ಒಳಗ ಕಳಸಾಕ ನಿನ್ನ ತಲಿ ಮ್ಯಾಲ ಹಾಕ್ಕೊಳಾಕತ್ತಿ."

"ಸುಳ್ಳಲ್ಲ ಮಾವ, ಬೀರಪ್ಪನಾಣಿ ಖರೇ ಐತಿ."

"ಆಣಿ ಇಡಬ್ಯಾಡ!" ಎಂದು ಗದರಿದ. "ತಪ್ಪು ನಿಂದಾಗಿದ್ರ ಕೈ ನಿಂದು ಮುರೀತಿತ್ತು. ದೇವರಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಹಳ್ಳದ ದಂಡೆಯಲ್ಲಿ ಬಿದ್ದ ಆ ಹೊತ್ತಿಗೇ ಹೇಳಿದ್ದರೆ ಬಾಯಿಗೆ ಬಂದಂತೆ ಬೈದು, ಮುಂದಿನ ಐತವಾರ ಎದೆಯುಬ್ಬಿಸಿ ಒಳಗೆ ಹೋಗುತ್ತಿದ್ದ. ನಾನು ತಡ ಮಾಡಿದ್ದರಿಂದ ನನ್ನ ನಿಜ ಅವನ ಕಿವಿಗೆ ಕರುಣೆಯ ಸುಳ್ಳಾಗಿ ಕೇಳಿಸಿತು.

ಮಾವ ಪೂಜಾರಿಯನ್ನು ಕೂಗಿ ಕರೆದು, ಮಾವನ ಪಾಪವನ್ನು ತನ್ನ ಮೇಲೆ ಹೊತ್ತುಕೊಳ್ಳುವ ಇಂಥ ಅಳಿಯನನ್ನು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದ. ಪೂಜಾರಿ ಭಂಡಾರದ ಬಟ್ಟಲು ಹಿಡಿದು ಹೊರಗೆ ಬಂದರು. ಬೇಡವೆಂದು ಹಿಂದೆ ಸರಿದೆ, ಅವರು ಬಿಡಲಿಲ್ಲ. ನನ್ನ ಹಣೆಯ ತುಂಬ ಹಳದಿ ಬಳಿದರು.

"ಚೆಂದಂಗ ಹಚ್ಚ್ರಿ ಅವಗ," ಎಂದ ಮಾವ, ಹೊಸ್ತಿಲಿನ ಹೊರಗೆ ನಿಂತುಕೊಂಡೇ.