ಬೋಣಿಗೆ ಹೋದ ಚಿತ್ರ

ಒಂದು ಬೆಳಗ್ಗೆ, ಇನ್ನೂ ಕಾಫಿ ಕುಡಿಯುವ ಮೊದಲೇ, ನಾನು ನನ್ನ ಹೆಂಡತಿಯನ್ನು ಹಳದಿ ಟೋಪಿಯವನೊಬ್ಬನಿಗೆ ಮಾರಿಬಿಟ್ಟೆ. ಪುರಾಣದಲ್ಲಿ ಸತ್ಯಕ್ಕಾಗಿ ಹೆಂಡತಿಯನ್ನು ಮಾರಿದ ರಾಜನಿದ್ದಾನೆ. ಅವನಿಗೆ ಋಷಿಯ ಕಾಟವಿತ್ತು, ರಾಜ್ಯ ಹೋಗಿತ್ತು, ಬೇರೆ ದಾರಿ ಇರಲಿಲ್ಲ. ನನಗೆ ಅಂಥ ಘನವಾದ ಕಾರಣವೇನೂ ಇರಲಿಲ್ಲ. ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಬನಿಯನ್ ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತಿದ್ದೆ, ಅಷ್ಟೆ. ಮಾರಿದ್ದು ಅವಳ ಚಿತ್ರವನ್ನಲ್ಲವೇ, ಅವಳನ್ನೇನಲ್ಲವಲ್ಲ ಎಂದು ನೀವು ಸಮಾಧಾನ ಹೇಳಬಹುದು. ಇದೇ ಮಾತನ್ನು ನಾನೂ ಅವಳಿಗೆ ಹೇಳಿ ನೋಡಿದೆ. ಅದನ್ನು ಹೇಳದೆ ಇದ್ದಿದ್ದರೆ ಇನ್ನೆರಡು ದಿನ ಮೊದಲೇ ಮನೆಯಲ್ಲಿ ಮಾತು ಶುರುವಾಗುತ್ತಿತ್ತೇನೋ.

ನನ್ನ ವೃತ್ತಿಯನ್ನು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದಾಗ ಗಣಿತದವರೂ ವಿಜ್ಞಾನದವರೂ ತಮ್ಮ ಸ್ವಂತ ಆಸ್ತಿಯೆಂಬಂತೆ ಬಂದು ಕೇಳುವ ಪೀರಿಯಡ್ಡು ನನ್ನದು. ಹಾಗೆಂದು ಬರೆಯುವುದರಲ್ಲಿ ನಾನು ಸೋಮಾರಿಯಲ್ಲ. ಹೆಡ್‌ಮಾಸ್ಟರ ಕೋಣೆಯ ದೇಶನಾಯಕರೆಲ್ಲ ನನ್ನ ಕೈಯಿಂದ ಬಂದವರೇ. ಎಂಟನೇ ತರಗತಿಯ ಗೋಡೆಯಲ್ಲಿರುವ ಜೀರ್ಣಾಂಗಗಳೂ ನನ್ನವೇ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯ ಗೋಡೆಯಲ್ಲಿ, ಹುಳುವಿನ ರೋಗದ ಬಗ್ಗೆ ರೈತರನ್ನು ಎಚ್ಚರಿಸಲು ನಾನು ಬರೆದ ರೇಷ್ಮೆಹುಳು ಎಮ್ಮೆಕರುವಿನ ಗಾತ್ರವಿತ್ತು. ರೈತರು ರೋಗಕ್ಕಿಂತ ಹುಳುವಿಗೇ ಹೆದರಿದರೆಂದು ಕೇಳಿದ್ದೇನೆ. ಇಷ್ಟೆಲ್ಲ ಬರೆದರೂ ಇಪ್ಪತ್ತಾರು ವರ್ಷದಲ್ಲಿ ಒಬ್ಬನಾದರೂ ಬಂದು, ಮೇಷ್ಟ್ರೇ, ಈ ಚಿತ್ರ ನನಗೆ ಬೇಕು, ಏನು ಕೊಡಲಿ ಎಂದು ಕೇಳಿರಲಿಲ್ಲ. ಕೇಳಲಿ ಎಂಬ ಆಸೆ ಒಳಗೆ ಇತ್ತು. ಹೊರಗೆ ಮಾತ್ರ ಕಲೆಗೆ ಬೆಲೆ ಕಟ್ಟುವುದು ತಪ್ಪು ಎಂದು ಭಾಷಣ ಮಾಡುತ್ತಿದ್ದೆ.

ಇದು ಎಲ್ಲರೂ ಮೊಬೈಲಿನಲ್ಲಿ ಹಾವಿನ ಆಟ ಆಡುತ್ತಿದ್ದ ಕಾಲದ ಮಾತು. ಚಿಂತಾಮಣಿಯಲ್ಲಿ ಬಾಗಿಲು ಮುಚ್ಚುತ್ತಿದ್ದ ಬ್ರೌಸಿಂಗ್ ಸೆಂಟರೊಂದರಿಂದ ಹಳೆಯ ಕಂಪ್ಯೂಟರ್ ಕೊಂಡೆ. ಅದರ ಮಾನಿಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ತಂದೆ. ಅಂಕಪಟ್ಟಿ ಮಾಡಲು ಬೇಕು ಎಂಬುದು ನೆಪ. ಹಿಂದಿನವರು ಅದರೊಳಗೆ ಒಂದು ಆಟವನ್ನು ಬಿಟ್ಟುಹೋಗಿದ್ದರು. ಹೆಸರು ಇಂಗ್ಲಿಷಿನದು, ಈಗ ಮರೆತಿದೆ. ಪರದೆಯ ಮೇಲೆ ಒಂದು ಪುಟ್ಟ ಅಂಗಡಿ, ಕಿಟಕಿಯಲ್ಲಿ ಎಳೆಬಿಸಿಲು, ಯಾರೋ ಪಕ್ಕದ ಬೀದಿಯಲ್ಲಿ ಪಿಯಾನೋ ನುಡಿಸುತ್ತಿರುವಂಥ ಸದ್ದು. ನಾವು ಮೌಸ್ ಹಿಡಿದು ಚಿತ್ರ ಬರೆಯಬೇಕು. ಮುಗಿಯಿತೋ, ಅದು ತಾನಾಗಿಯೇ ಅಂಗಡಿಯ ಗೋಡೆ ಏರುತ್ತದೆ. ಟಿಣ್ ಎಂದು ಗಂಟೆ, ಬಾಗಿಲು ತೆರೆದು ಗಿರಾಕಿ. ಅವನು ಒಂದು ಚಿತ್ರದ ಮುಂದೆ ನಿಂತು, ತಲೆಯ ಮೇಲೊಂದು ಗುಳ್ಳೆ ಮೂಡಿಸಿ, ಇಷ್ಟು ನಾಣ್ಯ ಕೊಡುತ್ತೇನೆ ಎಂದು ತೋರಿಸುತ್ತಾನೆ. ಹಸಿರು ಗುಂಡಿ ಒತ್ತಿದರೆ ವ್ಯಾಪಾರ, ಕೆಂಪು ಒತ್ತಿದರೆ ಇಲ್ಲ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಸಾಯುವುದಿಲ್ಲ. ಸೋಲುವ ಏರ್ಪಾಟೇ ಇಲ್ಲದ ಆಟ ನನಗೆ ಜೀವನದಲ್ಲಿ ಅದೊಂದೇ ಸಿಕ್ಕಿದ್ದು.

ಮೊದಲ ದಿನ ನಂದಿಬೆಟ್ಟ ಬರೆಯಹೋದೆ. ಆ ಕಾಲದ ಮೌಸಿನ ಹೊಟ್ಟೆಯಲ್ಲಿ ಒಂದು ಗುಂಡು ಇರುತ್ತಿತ್ತು. ಅದಕ್ಕೆ ಧೂಳು ಮೆತ್ತಿದರೆ ನಾವೊಂದು ಕಡೆ ಎಳೆದರೆ ಅದೊಂದು ಕಡೆ ಹೋಗುತ್ತಿತ್ತು. ನಂದಿಬೆಟ್ಟ ಬದನೆಕಾಯಿಯಾಗಿ ಮುಗಿಯಿತು. ಅಳಿಸೋಣ ಎನ್ನುವಷ್ಟರಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬಳು ಒಳಗೆ ಬಂದು, ಅದರ ಮುಂದೆ ನಿಂತು, ಅರವತ್ತು ನಾಣ್ಯ ಕೊಟ್ಟು ಕೊಂಡುಹೋದಳು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ. ಅವಳಿಗೆ ಎದ್ದು ನಿಂತು ಕೈಮುಗಿದದ್ದನ್ನು ನನ್ನ ಹೆಂಡತಿ ಜಯಲಕ್ಷ್ಮಿ ಬಾಗಿಲ ಸಂದಿಯಿಂದ ನೋಡಿದಳು.

ಜಯಲಕ್ಷ್ಮಿ ಗೌರಿಬಿದನೂರಿನ ಪಾತ್ರೆ ಅಂಗಡಿಯವರ ಮಗಳು. ಅಂಗಡಿಯೆಂದರೆ, ಅದು ಗಾಜಿನೊಳಗಿದ್ದರೂ ಅವಳಿಗೆ ಅಂಗಡಿಯೇ. ಅಂದಿನಿಂದ ಅವಳು ಅಡುಗೆಮನೆಯಿಂದ ದಿನಾ ಬೆಳಗ್ಗೆ ಕೂಗಿ ಕೇಳತೊಡಗಿದಳು: "ಬೋಣಿ ಆಯ್ತಾ ರೀ?" ಬೆಳಗಿನ ಮೊದಲ ವ್ಯಾಪಾರವೇ ಬೋಣಿ. ಬೋಣಿ ಗಿರಾಕಿ ಬಂದು ಏನನ್ನು ಕೇಳಿದರೂ ಇಲ್ಲವೆನ್ನಬಾರದು, ಅಸಲು ಹುಟ್ಟದಿದ್ದರೂ ಕೊಡಬೇಕು, ಬರಿಗೈಲಿ ಕಳಿಸಿದರೆ ಆವತ್ತಿಡೀ ನೊಣ ಹೊಡೆಯಬೇಕು. ಅವರಪ್ಪ ಒಮ್ಮೆ ಬೋಣಿ ಗಿರಾಕಿ ಹಟ ಹಿಡಿದನೆಂದು, ತಾವು ಕೂತು ವ್ಯಾಪಾರ ಮಾಡುತ್ತಿದ್ದ ಸ್ಟೂಲನ್ನೇ ಕೊಟ್ಟು ಸಂಜೆಯವರೆಗೆ ನಿಂತಿದ್ದರಂತೆ. ಈ ಶಾಸ್ತ್ರವನ್ನು ನನಗೆ ಹೇಳಿಕೊಟ್ಟವಳು ಅವಳೇ ಎಂಬುದನ್ನು ದಯವಿಟ್ಟು ನೆನಪಿಡಿ. ಅವಳು ನೆನಪಿಟ್ಟುಕೊಳ್ಳಲಿಲ್ಲ.

ಇನ್ನು ಚಿತ್ರದ ವಿಷಯ. ಮದುವೆಯಾದ ಹೊಸದರಲ್ಲಿ ಅವಳು, "ನನ್ನದೊಂದು ಚಿತ್ರ ಬರೀರಿ" ಎಂದಿದ್ದಳು. ಬೆಳಕು ಸರಿ ಇಲ್ಲ, ಬರೀತೀನಿ ಎಂದಿದ್ದೆ. ಆಮೇಲೆ ಇಪ್ಪತ್ತನಾಲ್ಕು ವರ್ಷ ಶಿಡ್ಲಘಟ್ಟದಲ್ಲಿ ಬೆಳಕು ಸರಿಹೋಗಲೇ ಇಲ್ಲ. ಕೇಳುವುದನ್ನು ಅವಳು ಯಾವಾಗ ನಿಲ್ಲಿಸಿದಳೋ ನಾನು ಗಮನಿಸಲೂ ಇಲ್ಲ. ಒಂದು ಭಾನುವಾರ ಅವಳು ಹೊಸ್ತಿಲ ಬಳಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಗೋಡೆಯಲ್ಲಿ ಒಂದು ಜಾಗ ಖಾಲಿಯಿತ್ತು. ತಿರುಗಿ ತಿರುಗಿ ನೋಡುತ್ತ ಅವಳನ್ನು ಬರೆದೆ. ಮೌಸು ಆವತ್ತು ಯಾಕೋ ಕೈ ಕೊಡಲಿಲ್ಲ. ಅವಳು ಬಂದು ನೋಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಮೂಗು ದಪ್ಪ ಆಯ್ತು, ಇರ್ಲಿ" ಎಂದಳು. ಮರುದಿನದಿಂದ ಬೆಳಗ್ಗೆ ಕಾಫಿ ತರುವ ನೆಪದಲ್ಲಿ ಬಂದು ಗೋಡೆಯ ಆ ಮೂಲೆಯನ್ನು ನೋಡಿಕೊಂಡು ಹೋಗುತ್ತಿದ್ದಳು. ಚಿತ್ರವನ್ನು ಗೋಡೆಯಿಂದ ಇಳಿಸಿ ಒಳಗಿಡುವ ಅನುಕೂಲ ಆ ಆಟದಲ್ಲಿರಲಿಲ್ಲ. ಪುಣ್ಯಕ್ಕೆ ಅದನ್ನು ಕೇಳಿದವರಾರೂ ಬೋಣಿ ಗಿರಾಕಿಗಳಾಗಿರಲಿಲ್ಲ, ಅವರಿಗೆಲ್ಲ ಕೆಂಪು ಗುಂಡಿ ಒತ್ತಿ ಎಂಟು ದಿನ ಕಾಪಾಡಿದೆ.

ಇಲ್ಲಿ ಒಂದು ಮಾತು. ಮಾವನ ಮನೆಗೆ ಹೋದಾಗಲೆಲ್ಲ ಗಡಿ ದಾಟಿ ಲೇಪಾಕ್ಷಿಗೆ ಹೋಗಿ, ದೇವಸ್ಥಾನದ ಚಾವಣಿಯ ಚಿತ್ರಗಳನ್ನು ನೋಡಿ, ಕತ್ತು ಉಳುಕಿಸಿಕೊಂಡು ಬರುವುದು ನನ್ನ ಅಭ್ಯಾಸ. ಅಷ್ಟು ಚೆನ್ನಾಗಿ ಬರೆಯಬಲ್ಲವರು ಕಣ್ಣಿಗೆ ಸುಲಭವಾದ ಗೋಡೆಯನ್ನು ಬಿಟ್ಟು ಚಾವಣಿಗೆ ಏಕೆ ಹತ್ತಿದರು ಎಂದು ಬಹಳ ಯೋಚಿಸಿದ್ದೆ. ಭಕ್ತಿ, ವಾಸ್ತು, ಆಳಿದವರ ಅಪ್ಪಣೆ ಎಂದು ವಿದ್ವಾಂಸರು ಏನೇನೋ ಹೇಳಬಹುದು. ನನಗೆ ಈಗ ಕಾರಣ ಗೊತ್ತು. ಚಾವಣಿಯನ್ನು ಯಾವ ಬೋಣಿ ಗಿರಾಕಿಯೂ ಕೇಳಲಾರ.

ಒಂಬತ್ತನೆಯ ಬೆಳಗ್ಗೆ ಗಂಟೆ ಟಿಣ್ ಎಂದಿತು. ಹಳದಿ ಟೋಪಿ, ದಪ್ಪ ಮೀಸೆ, ಕೈಯಲ್ಲೊಂದು ಚೀಲ. ನೇರವಾಗಿ ಹೋಗಿ ನನ್ನ ಹೆಂಡತಿಯ ಮುಂದೆ ನಿಂತ. ಗುಳ್ಳೆಯಲ್ಲಿ ನಲವತ್ತು. ನನ್ನ ಬೆರಳು ಕೆಂಪು ಗುಂಡಿಯ ಮೇಲಿತ್ತು. ಅದೇ ಹೊತ್ತಿಗೆ ಅಡುಗೆಮನೆಯಿಂದ, "ಬೋಣಿ ಆಯ್ತಾ ರೀ?" ಎಂಬ ಕೂಗು. ಮಾವನ ಸ್ಟೂಲು ಕಣ್ಣ ಮುಂದೆ ಬಂತು. "ಆಗ್ತಾ ಇದೆ" ಎಂದೆ, ಹಸಿರು ಒತ್ತಿದೆ. ಅವನು ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಬಾಗಿಲು ಮುಚ್ಚಿತು. ಕಾಫಿ ಬಂತು.

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಎಷ್ಟಕ್ಕೆ?" ಎಂದಳು. ಅಂಗಡಿಯವರ ಮಗಳಲ್ಲವೇ. ನಲವತ್ತು ಎಂದೆ. "ಬದನೇಕಾಯಿಗೆ ಅರವತ್ತು, ನನಗೆ ನಲವತ್ತಾ?" ಎಂದು ಲೋಟವನ್ನು ನನ್ನ ಕೈಗೆ ಕೊಡದೆ ಕಂಪ್ಯೂಟರಿನ ಮುಂದೆ ಇಟ್ಟು ಒಳಗೆ ಹೋದಳು. ಆಮೇಲೆ ನಾಲ್ಕು ದಿನ ಕಾಫಿ ಕಂಪ್ಯೂಟರಿಗೇ ಬರುತ್ತಿತ್ತು. ನಾನು ಅದರಿಂದ ಬೇಡಿ ಕುಡಿಯುತ್ತಿದ್ದೆ.

ನನಗೆ ನಿಜವಾಗಿ ನಾಚಿಕೆಯಾಯಿತು. ಇಪ್ಪತ್ತನಾಲ್ಕು ವರ್ಷಕ್ಕೆ ಒಂದು ಚಿತ್ರ ಕೊಟ್ಟೆ, ಎಂಟು ದಿನಕ್ಕೆ ಕಿತ್ತುಕೊಂಡೆ. ಕಂಪ್ಯೂಟರಿಗೆ ಮರೆತುಹೋಗಲೆಂದು ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಕರೆಂಟು ಹೋದಾಗಲೆಲ್ಲ ನನ್ನ ಅಂಕಪಟ್ಟಿಯನ್ನು ತಪ್ಪದೆ ಮರೆಯುತ್ತಿದ್ದ ಆ ಯಂತ್ರ ಈ ಒಂದು ವ್ಯಾಪಾರವನ್ನು ಮಾತ್ರ ಮರೆಯಲಿಲ್ಲ. ಇನ್ನೊಂದು ಬರೆಯುತ್ತೇನೆ ಎಂದೆ. ಐದನೆಯ ದಿನ ಅವಳು ಬಾಯಿ ಬಿಟ್ಟದ್ದು ಅದಕ್ಕೇ: "ಇನ್ನೊಂದು ಬರದ್ರೆ ಅದು ಇನ್ನೊಬ್ಬಳಾಗ್ತಾಳೆ. ಹೋದವಳು ಅಲ್ಲೇ ಇರ್ತಾಳಲ್ಲ?"

ಅವಳ ತಲೆಯಲ್ಲಾಗಲೇ ಟೋಪಿಯವನ ಮನೆ ಎದ್ದು ನಿಂತಿತ್ತು. ಅವನು ಚಿತ್ರವನ್ನು ಅಡುಗೆಮನೆಯಲ್ಲಿ ಹಾಕಿದ್ದರೆ ಹೊಗೆ ಹಿಡಿಯುತ್ತದೆ, ಬಚ್ಚಲ ಪಕ್ಕದಲ್ಲಾದರೆ ತೇವ, ಅವನ ಮನೆಯಲ್ಲಿ ಹೆಂಗಸರಿದ್ದಾರೋ ಇಲ್ಲವೋ. ಸೊಪ್ಪು ಸೋಸುತ್ತ ಇದ್ದಕ್ಕಿದ್ದಂತೆ, "ಅವರೇಕಾಳು ಬೇರೆ ಅರ್ಧ ಹಿತಕಿದ್ದೆ" ಎನ್ನುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಪಾಠ ಮಾಡುವಾಗ ನನಗೂ ಹೊಗೆಯ ಯೋಚನೆ ಬರತೊಡಗಿತು.

ಕೊನೆಗೆ ಗೌರಿಬಿದನೂರಿಂದ ಅವಳ ತಮ್ಮ ನಾಗರಾಜ ಬಂದ. ಈಗ ಪಾತ್ರೆ ಅಂಗಡಿ ನಡೆಸುವವನು ಅವನೇ. "ಹೋದ ಮಾಲು ವಾಪಸ್ ತರೋದು ನಂಗೆ ಬಿಡಿ ಭಾವ" ಎಂದು ತೋಳು ಮಡಿಸಿ ಕಂಪ್ಯೂಟರಿನ ಮುಂದೆ ಕುಳಿತ. ವ್ಯಾಪಾರದಲ್ಲಿ ಅವನು ತೆಲುಗಿಗೆ ತಿರುಗಿದನೆಂದರೆ ವಿಷಯ ಗಂಭೀರವಾಗಿದೆ ಎಂದರ್ಥ. ಬಂದ ಗಿರಾಕಿಗಳನ್ನೆಲ್ಲ, "ಏಮಯ್ಯಾ, ಟೋಪೀ ಆಯನ ಇಲ್ಲು ಎಕ್ಕಡ?" ಎಂದು ಟೋಪಿಯವನ ಮನೆ ವಿಚಾರಿಸಿದ. ಛತ್ರಿಯ ಹೆಂಗಸಿಗೆ ಕನ್ನಡದಲ್ಲೂ ಕೇಳಿದ. ಯಾರೂ ಬಾಯಿ ಬಿಡಲಿಲ್ಲ. "ಎಲ್ಲಾ ಒಂದೇ ಕಡೆಯವ್ರು ಭಾವ, ಹೇಳಲ್ಲ" ಎಂದು ತೀರ್ಮಾನಿಸಿ ಉಪಾಯ ಹೂಡಿದ. ನಾನು ಒಳ್ಳೊಳ್ಳೆಯ ಚಿತ್ರ ಬರೆಯಬೇಕು. ಟೋಪಿಯವನು ಆಸೆಪಟ್ಟು ಬರುತ್ತಾನೆ. ಬಂದಾಗ ಏನನ್ನೂ ಕೊಡಬಾರದು. ಮೊದಲು ಅಕ್ಕನನ್ನು ವಾಪಸ್ ತಂದುಕೊಡು, ಆಮೇಲೆ ಮಾತು.

ನಾಲ್ಕು ದಿನ ಶಾಲೆಯಿಂದ ಬಂದು ಬಂದು ಬರೆದೆ. ಐದನೆಯ ದಿನ ಬೆಳಗ್ಗೆ ಟೋಪಿಯವನು ಬಂದ, ಅದೂ ಬೋಣಿಗೆ. ಹಲಸಿನಹಣ್ಣಿನ ಚಿತ್ರ ಕೇಳಿದ. ನಾಗರಾಜ ಕೆಂಪು ಒತ್ತಿದ. ಟೋಪಿಯವನು ಬೆಲೆ ಏರಿಸಿದ. ಕೆಂಪು. ಪಕ್ಕದ ಬಾವಿಯ ಚಿತ್ರ ಕೇಳಿದ. ಕೆಂಪು. ಜಯಲಕ್ಷ್ಮಿಯೂ ಬಂದು ನಮ್ಮ ಹಿಂದೆ ನಿಂತಿದ್ದಳು. ಟೋಪಿಯವನು ಗುಳ್ಳೆ ಇಳಿಸಿದ, ಕೈಚೀಲ ಎತ್ತಿಕೊಂಡ, ತಲೆ ತಗ್ಗಿಸಿ ಬಾಗಿಲ ಕಡೆ ಹೊರಟ. ಆ ಆಟದವರು ಅವನಿಗೆ ಬೇಸರದ ಮುಖವನ್ನೂ ಬರೆದಿಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದ.

"ಬಲೆಗೆ ಬಿದ್ದ, ನಾಳೆ ತರ್ತಾನೆ ನೋಡಿ" ಎಂದ ನಾಗರಾಜ.

"ಸುಮ್ನಿರೋ" ಎಂದಳು ಜಯಲಕ್ಷ್ಮಿ. "ಪಾಪ, ಮುಖ ಹೆಂಗೆ ಮಾಡ್ಕೊಂಡು ಹೋದ. ಕೆಟ್ಟವನಲ್ಲ ಕಣೋ ಅವನು. ಚಿತ್ರ ನೋಡೋ ಆಸೆ ಇದ್ದೋನು. ಅಷ್ಟು ಚಿತ್ರಗಳಲ್ಲಿ ನನ್ನನ್ನೇ ಆರಿಸ್ಕೊಂಡ ಅಲ್ವಾ?"

ಅಂದು ಸಂಜೆ ನಾಗರಾಜ ಸೋತ ಮುಖದಲ್ಲಿ ಬಸ್ಸು ಹತ್ತಿದ. ಜಯಲಕ್ಷ್ಮಿ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ಆ ಕಂಪ್ಯೂಟರ್ ಬಂದ ಮೇಲೆ ಅವಳು ನನ್ನ ಪಕ್ಕ ಕುಳಿತದ್ದು ಅದೇ ಮೊದಲು. ಅಲ್ಲಿಯವರೆಗೂ ಅವಳಿಗೆ ಕಾಣುತ್ತಿದ್ದದ್ದು ನನ್ನ ಬೆನ್ನು. "ವಾಪಸ್ ತರೋದು ಬೇಡ" ಎಂದಳು. "ನೀವು ನಿಮ್ಮದೊಂದು ಚಿತ್ರ ಬರೀರಿ. ಅವನು ಬಂದ್ರೆ ಕೊಟ್ಟುಬಿಡಣ. ಗುರುತು ಪರಿಚಯ ಇಲ್ದಿರೋ ಮನೇಲಿ ಅವಳೊಬ್ಬಳೇ ಎಷ್ಟು ದಿನ ಇರ್ತಾಳೆ?"

ನನ್ನನ್ನು ನಾನು ಬರೆಯುವುದು ಕಷ್ಟವಾಯಿತು. ಕನ್ನಡಿಯನ್ನು ಮಾನಿಟರಿಗೆ ಒರಗಿಸಿಕೊಂಡು ಮೂರು ಸಂಜೆ ಬರೆದೆ. ಅವಳು ಕಿವಿ ಸಣ್ಣದು ಮಾಡಿಸಿದಳು, ಬನಿಯನ್ ತೆಗೆಸಿ ಮದುವೆಯ ದಿನದ ಶರಟು ಹಾಕಿಸಿದಳು. ಚಿತ್ರ ಗೋಡೆ ಏರಿತು. ಇಷ್ಟರಲ್ಲಿ ಇಬ್ಬರಿಗೂ ಭಯ ಶುರುವಾಯಿತು. ಛತ್ರಿಯವಳು ಕೇಳಿಬಿಟ್ಟರೆ? ಆದರೆ ಆ ಭಯ ಬೇಕಿರಲಿಲ್ಲ. ಹತ್ತು ದಿನ ನನ್ನನ್ನು ಯಾರೂ ಕೇಳಲಿಲ್ಲ. ಹಲಸಿನಹಣ್ಣು ಹೋಯಿತು, ಬಾವಿ ಹೋಯಿತು, ಎಮ್ಮೆಕರುವಿನ ಗಾತ್ರದ ರೇಷ್ಮೆಹುಳುವನ್ನು ಅಲ್ಲೂ ಬರೆದಿದ್ದೆ, ಅದೂ ಹೋಯಿತು.

ಹನ್ನೊಂದನೆಯ ದಿನ ಬೆಳಗ್ಗೆ ಟೋಪಿಯವನು ಬಂದ. ನನ್ನ ಮುಂದೆ ನಿಂತ. ಮುಂದಿನ ಚಿತ್ರಕ್ಕೆ ಹೋದ. ಜಯಲಕ್ಷ್ಮಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವನು ಮತ್ತೆ ನನ್ನ ಹತ್ತಿರ ಬಂದ. ಗುಳ್ಳೆ ಮೂಡಿತು: ಐದು ನಾಣ್ಯ.

"ಒತ್ತಿ, ಒತ್ತಿ, ಮನಸ್ಸು ಬದಲಾಯಿಸ್ತಾನೆ" ಎಂದಳು.

ಒತ್ತಿದೆ. ಅವನು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ. ಬಾಗಿಲು ಮುಚ್ಚಿತು. ಅವಳು ದೊಡ್ಡದಾಗಿ ಉಸಿರುಬಿಟ್ಟು, ಸದ್ಯ ಎಂದು ಎದ್ದು, ಕುರ್ಚಿ ಸರಿಸಿ ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಸ್ವಲ್ಪ ಹೊತ್ತಿನ ಮೇಲೆ ದನಿ ಬಂತು.

"ರೀ, ಅಲ್ಲಾದ್ರೂ ಅವಳನ್ನ ಒಂದಿಷ್ಟು ಮಾತಾಡಿಸು ಅಂತ ಆ ಚಿತ್ರದಲ್ಲಿರೋ ಮೇಷ್ಟ್ರಿಗೆ ಹೇಳಿ ಕಳಿಸಿದ್ರಾ?"

ಹೇಳಿ ಕಳಿಸಿರಲಿಲ್ಲ. ಕಂಪ್ಯೂಟರ್ ಆರಿಸಿ, ಅಡುಗೆಮನೆಗೆ ಹೋಗಿ, ಮಣೆ ಎಳೆದುಕೊಂಡು ಕುಳಿತೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, "ಇವತ್ತು ಏನು ಸಾರು?" ಎಂದು ಕೇಳಿದೆ. ಸಾರಿನಿಂದ ಶುರುವಾದ ಅವಳ ಉತ್ತರ ಮುಗಿಯುವ ಹೊತ್ತಿಗೆ ಶಾಲೆಯಲ್ಲಿ ನನ್ನ ಮೊದಲ ಪೀರಿಯಡ್ಡು ಮುಗಿದುಹೋಗಿತ್ತು.